ಇಗರ್ಜಿಯ ಬಾಗಿಲು ಮುಚ್ಚಿದಾಗ ಧರ್ಮಕೇಂದ್ರವನ್ನು ಹಿಡಿದಿಟ್ಟದ್ದು ಯಾವುದು?

ಕರಾವಳಿಯ ಹಲವು ಇಗರ್ಜಿಗಳಲ್ಲಿ ಬಲಿಪೀಠಕ್ಕೆ ಮುಖ ಮಾಡಿದ ಕ್ಯಾಮೆರಾವೊಂದು ಈಗಲೂ ಇದೆ. 2020ರ ಬೇಸಿಗೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲಿನ ರೂಪದಲ್ಲಿ ಒಳಬಂದದ್ದು ಕ್ರಮೇಣ ಗೋಡೆಗೆ ತಿರುಪು ಹಾಕಿಸಿಕೊಂಡು ಕಾಯಂ ಆಯಿತು. ಅದನ್ನು ಉಳಿಸಿಕೊಳ್ಳಬೇಕೇ, ಭಾನುವಾರದ ಪೂಜೆಯ ನೇರ ಪ್ರಸಾರವನ್ನು ನಿಲ್ಲಿಸಬೇಕೇ ಎಂಬ ಚರ್ಚೆ ಪಾಲನಾ ಮಂಡಳಿಗಳಲ್ಲಿ ಆಗಾಗ ಏಳುತ್ತದೆ. ಹಾಸಿಗೆ ಹಿಡಿದವರಿಗೆ, ಕುವೈತ್‌ನಲ್ಲೋ ದುಬೈನಲ್ಲೋ ದುಡಿಯುವ ಮಕ್ಕಳಿಗೆ ಅದು ಬೇಕು ಎನ್ನುವವರು ಒಂದು ಕಡೆ. ಮನೆಯಲ್ಲಿ ಕಾಫಿ ಕುಡಿಯುತ್ತಾ ಪೂಜೆ ನೋಡುವ ಅಭ್ಯಾಸ ಅಂಟಿಕೊಂಡಿದೆ ಎಂದು ಬೇಸರಪಡುವವರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಎರಡರ ಹಿಂದೆಯೂ ಇರುವ ನಂಬಿಕೆಯೊಂದನ್ನು ಪ್ರಶ್ನಿಸಬೇಕಾಗಿದೆ: ಕೋವಿಡ್ ಕಾಲದಲ್ಲಿ ಧರ್ಮಕೇಂದ್ರಗಳನ್ನು, ಅಂದರೆ ಒಂದೊಂದು ಇಗರ್ಜಿಗೆ ಸೇರಿದ ಸಮುದಾಯಗಳನ್ನು, ಉಳಿಸಿದ್ದು ಈ ಪ್ರಸಾರವೇ ಎಂಬ ನಂಬಿಕೆ. ಆ ಎರಡು ವರ್ಷಗಳನ್ನು ಹತ್ತಿರದಿಂದ ನೋಡಿದರೆ, ಹೆಸರು ಬಂದದ್ದು ಕ್ಯಾಮೆರಾಕ್ಕೆ, ಕೆಲಸ ಮಾಡಿದ್ದು ಮನೆಗಳ ಪಟ್ಟಿ ಎಂದೇ ಹೇಳಬೇಕಾಗುತ್ತದೆ.

ಮೊದಲು ಆ ಬಿಕ್ಕಟ್ಟಿನ ಸ್ವರೂಪವನ್ನು ನೆನಪಿಸಿಕೊಳ್ಳೋಣ. ಜನತಾ ಕರ್ಫ್ಯೂ ನಡೆದ 2020ರ ಮಾರ್ಚ್ 22 ಭಾನುವಾರವಾಗಿತ್ತು. ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್ ಬಂತು. ಕ್ರೈಸ್ತರ ಪಾಲಿಗೆ ಅದು ಈಸ್ಟರ್‌ಗೆ ಸಿದ್ಧವಾಗುವ ತಪಸ್ಸು ಕಾಲದ ನಡುಮಧ್ಯ. ಏಪ್ರಿಲ್ 5ಕ್ಕೆ ಗರಿಗಳ ಭಾನುವಾರ, 10ಕ್ಕೆ ಶುಭ ಶುಕ್ರವಾರ, 12ಕ್ಕೆ ಈಸ್ಟರ್. ಅಂದರೆ ವರ್ಷದಲ್ಲಿ ಇಗರ್ಜಿ ಅತಿ ಹೆಚ್ಚು ತುಂಬುವ ವಾರವೇ ಬಾಗಿಲು ಹಾಕಿದ ವಾರವಾಯಿತು. ಹಬ್ಬವನ್ನು ಮುಂದೂಡಬಹುದೇ ಎಂದು ಕೇಳಿದವರಿಗೆ ರೋಮ್ ಮಾರ್ಚ್ 19 ಮತ್ತು 25ರ ಆದೇಶಗಳಲ್ಲಿ ಸ್ಪಷ್ಟ ಉತ್ತರ ಕೊಟ್ಟಿತು: ಈಸ್ಟರ್ ದಿನಾಂಕ ಬದಲಾಗುವುದಿಲ್ಲ, ಪವಿತ್ರ ವಾರದ ವಿಧಿಗಳನ್ನು ಜನರಿಲ್ಲದೆ ನಡೆಸಬಹುದು, ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯನ್ನು ಕೈಬಿಡಬೇಕು. ಮಾರ್ಚ್ 27ರ ಸಂಜೆ ಜಿನುಗುವ ಮಳೆಯಲ್ಲಿ, ಖಾಲಿ ಬಿದ್ದ ಸಂತ ಪೇತ್ರರ ಚೌಕದಲ್ಲಿ, 1522ರ ಪ್ಲೇಗ್ ಸಮಯದಲ್ಲಿ ರೋಮ್ ನಗರದ ಬೀದಿಗಳಲ್ಲಿ ಮೆರವಣಿಗೆ ಹೊರಟಿದ್ದ ಶಿಲುಬೆಯ ಮುಂದೆ ಪೋಪ್ ಫ್ರಾನ್ಸಿಸ್ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ನಮ್ಮೂರಿನ ಅಜ್ಜಿಯರೂ ಮೊಮ್ಮಕ್ಕಳ ಮೊಬೈಲಿನಲ್ಲಿ ನೋಡಿದರು.

ಇಲ್ಲಿ ಧರ್ಮಸಭೆಯ ಕಾನೂನಿನ ಒಂದೆರಡು ಅಂಶಗಳನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಮುಂದಿನ ಗೊಂದಲಗಳೆಲ್ಲ ಅಲ್ಲಿಂದಲೇ ಹುಟ್ಟಿದವು. 1983ರ ಕಾನೂನು ಸಂಹಿತೆಯ 1247ನೇ ವಿಧಿಯ ಪ್ರಕಾರ ಕಥೋಲಿಕರು ಭಾನುವಾರದ ಪೂಜೆಯಲ್ಲಿ ಭಾಗವಹಿಸುವುದು ಕಡ್ಡಾಯ. ಈ ಕಡ್ಡಾಯದಿಂದ ವಿನಾಯಿತಿ ನೀಡುವ ಅಧಿಕಾರ ಧರ್ಮಾಧ್ಯಕ್ಷರಿಗೆ (ಬಿಷಪರಿಗೆ) ಇದೆ. 2020ರಲ್ಲಿ ಅವರು ಅದನ್ನು ಬಳಸಿದರು. ಆದರೆ 534ನೇ ವಿಧಿಯಲ್ಲಿ ಇನ್ನೊಂದು ಕಡ್ಡಾಯವಿದೆ, ಅದು ಧರ್ಮಗುರುವಿಗೆ ಸೇರಿದ್ದು: ಪ್ರತಿ ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ತನಗೆ ಒಪ್ಪಿಸಿದ ಜನರಿಗಾಗಿ ಅವರು ಒಂದು ಪೂಜೆಯನ್ನು ಅರ್ಪಿಸಲೇಬೇಕು. ಹಾಗಾಗಿ ಬೆಂಚುಗಳು ಖಾಲಿ ಇದ್ದರೂ ಪೂಜೆ ನಿಲ್ಲಲಿಲ್ಲ. ಜನರಿಗೆ ಬಿಡುಗಡೆ ಸಿಕ್ಕಿತು, ಫಾದರ್‌ಗೆ ಸಿಗಲಿಲ್ಲ. ಕ್ಯಾಮೆರಾ ಬಂದದ್ದು ಈ ಅಂತರದೊಳಕ್ಕೆ.

ಪ್ರಸಾರದ ಪೂಜೆ ಹೊಸದೇನೂ ಅಲ್ಲ. ಹಾಸಿಗೆ ಹಿಡಿದಿದ್ದಾಗ ಕೋಣೆಯ ಗೋಡೆಯ ಮೇಲೆಯೇ ಕ್ರಿಸ್ಮಸ್ ಪೂಜೆಯನ್ನು ಕಂಡರೆಂಬ ಕಥೆಯ ಆಧಾರದಲ್ಲಿ ಅಸ್ಸಿಸಿಯ ಸಂತ ಕ್ಲಾರಾರನ್ನು 1958ರಲ್ಲೇ ಟೆಲಿವಿಷನ್‌ನ ಪಾಲಕಿಯೆಂದು ಘೋಷಿಸಲಾಗಿತ್ತು. ರೋಗಿಗಳಿಗಾಗಿ ಟಿ.ವಿ.ಯಲ್ಲಿ ಪೂಜೆ ತೋರಿಸುವ ರೂಢಿ ಹಲವು ದೇಶಗಳಲ್ಲಿ ದಶಕಗಳಿಂದ ಇದೆ. 2020ರಲ್ಲಿ ಬದಲಾದದ್ದು ಇಷ್ಟು: ರೋಗಿಗಳಿಗೆಂದು ಇದ್ದ ಏರ್ಪಾಡು ಎಲ್ಲರ ಏರ್ಪಾಡಾಯಿತು, ಮತ್ತು ಪ್ರಸಾರ ಮಾಡುವವರು ದೊಡ್ಡ ವಾಹಿನಿಗಳಷ್ಟೇ ಆಗಿ ಉಳಿಯದೆ ಪ್ರತಿ ಧರ್ಮಕೇಂದ್ರವೂ ಪ್ರಸಾರಕನಾಯಿತು. ಯೂಟ್ಯೂಬ್ ಚಾನೆಲ್ ತೆರೆಯುವುದು, ಮೈಕ್‌ನ ಧ್ವನಿ ಗುಡಿಯೊಳಗೆ ಪ್ರತಿಧ್ವನಿಸದಂತೆ ನೋಡಿಕೊಳ್ಳುವುದು, ನೆಟ್‌ವರ್ಕ್ ಕೈಕೊಟ್ಟಾಗ ಪರ್ಯಾಯ ಹುಡುಕುವುದು, ಇವನ್ನೆಲ್ಲ ಕಲಿತವರು ಹೆಚ್ಚಾಗಿ ಕಥೋಲಿಕ ಯುವಜನರ ಐಸಿವೈಎಂ ಸಂಘಟನೆಯ ಹುಡುಗ ಹುಡುಗಿಯರು. ಇಗರ್ಜಿಯಲ್ಲಿ ಕುರ್ಚಿ ಜೋಡಿಸಲಿಕ್ಕೆ ಮಾತ್ರ ಕರೆಸಿಕೊಳ್ಳುತ್ತಿದ್ದ ಈ ವಯಸ್ಸಿನವರಿಗೆ ಮೊದಲ ಬಾರಿಗೆ ಪೂಜೆಯ ನಿರ್ವಹಣೆಯಲ್ಲಿ ನಿಜವಾದ ಹೊಣೆ ಸಿಕ್ಕಿತು. ಅದು ಪ್ರಸಾರದಿಂದ ಬಂದ ಒಳಿತುಗಳಲ್ಲಿ ದೊಡ್ಡದು.

ಆದರೆ ಪ್ರಸಾರಕ್ಕೆ ಎರಡು ಮಿತಿಗಳಿದ್ದವು. ಮೊದಲನೆಯದು ದೈವಶಾಸ್ತ್ರದ್ದು. ಕಥೋಲಿಕ ನಂಬಿಕೆಯಲ್ಲಿ ಸಂಸ್ಕಾರಕ್ಕೆ ದೇಹದ ಹಾಜರಿ ಬೇಕು. ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಯಾದ ಪರಮ ಪ್ರಸಾದವನ್ನು ಪರದೆಯ ಮೂಲಕ ಕೊಡಲಾಗದು, ಫೋನಿನಲ್ಲಿ ಪಾಪನಿವೇದನೆ ಮಾಡಲಾಗದು. ಮನೆಯಲ್ಲಿ ಕೂತವರಿಗೆ ಉಳಿದದ್ದು ಸಂತ ಅಲ್ಫೋನ್ಸ್ ಲಿಗೋರಿಯವರ ಹೆಸರಿನಲ್ಲಿ ಪ್ರಚಲಿತವಿರುವ ‘ಆತ್ಮಿಕ ಪ್ರಸಾದ’ದ ಪ್ರಾರ್ಥನೆ, ಅಂದರೆ ಸ್ವೀಕರಿಸಲಾಗದ್ದನ್ನು ಹಂಬಲದಿಂದ ಸ್ವೀಕರಿಸುವುದು. ಸುಧಾರಣಾ ಪರಂಪರೆಯ (ಪ್ರೊಟೆಸ್ಟೆಂಟ್) ಸಭೆಗಳಿಗೆ ಈ ತೊಡಕು ಇಷ್ಟು ಬಿಗಿಯಾಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಪರಂಪರೆಯನ್ನು ಮುಂದುವರಿಸಿರುವ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಆರಾಧನೆಯ ಭಾರವೆಲ್ಲ ವಾಕ್ಯಪಠಣ, ಪ್ರಸಂಗ ಮತ್ತು ಕೀರ್ತನೆಗಳ ಮೇಲಿದೆ. ಮಾತು ಪರದೆ ದಾಟಿ ಹೋಗಬಲ್ಲದು. ಆದರೆ ಅಲ್ಲಿಯೂ ಕರ್ತನ ಭೋಜನದ ಪ್ರಶ್ನೆ ಬಂದಾಗ, ಮನೆಯ ಮೇಜಿನ ಮೇಲಿನ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ದೂರದ ಸಭಾಪಾಲಕರ ಮಾತಿನಿಂದ ಪವಿತ್ರೀಕರಿಸಬಹುದೇ ಎಂಬ ವಾದ ಜಗತ್ತಿನಾದ್ಯಂತ ನಡೆಯಿತು, ಉತ್ತರಗಳು ಒಂದೇ ಆಗಿರಲಿಲ್ಲ.

ಎರಡನೆಯ ಮಿತಿಯ ಬಗ್ಗೆ ಮಾತು ಕಡಿಮೆ. ಧರ್ಮಕೇಂದ್ರವೆಂದರೆ ಸಾಮಾನ್ಯವಾಗಿ ಗಡಿಯುಳ್ಳ ಒಂದು ಪ್ರದೇಶ. ಇಂತಿಂಥ ಮನೆಗಳು ಈ ಇಗರ್ಜಿಗೆ ಸೇರಿದವು ಎಂಬ ಲೆಕ್ಕ ಅಲ್ಲಿದೆ. ಪ್ರಸಾರಕ್ಕೆ ಗಡಿಯಿಲ್ಲ. ಒಳ್ಳೆಯ ಪ್ರಸಂಗ ಮಾಡುವ ಫಾದರ್, ಚೆನ್ನಾಗಿ ಹಾಡುವ ಗಾಯನವೃಂದ, ಸ್ಪಷ್ಟವಾದ ಚಿತ್ರ ಇದ್ದ ಕಡೆಗೆ ಜನ ಹೋದರು. ಬೆಂಗಳೂರಿನಲ್ಲಿದ್ದವರು ಊರಿನ ಇಗರ್ಜಿಯ ಪೂಜೆ ನೋಡಿದರೆ, ಊರಿನಲ್ಲಿದ್ದವರು ವ್ಯಾಟಿಕನ್ನಿನದ್ದೋ ಮುಂಬೈಯದ್ದೋ ನೋಡಿದರು. ಭಕ್ತರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ, ಹಲವರಿಗೆ ಲಾಭವೇ ಆಯಿತು. ಆದರೆ ಧರ್ಮಕೇಂದ್ರ ಎಂಬ ಸಮುದಾಯಕ್ಕೆ ಅದರಿಂದ ಸಿಕ್ಕಿದ್ದು ಬಹಳ ಕಡಿಮೆ. ಪರದೆಯ ಮೇಲೆ ಕಾಣುವ ಸಂಖ್ಯೆ ಎಷ್ಟು ಸಾಧನಗಳು ತೆರೆದಿವೆ ಎನ್ನುವುದನ್ನು ಹೇಳುತ್ತದೆಯೇ ಹೊರತು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ವಿಧವೆ ಮೂರು ವಾರದಿಂದ ಏಕೆ ಕಾಣುತ್ತಿಲ್ಲ ಎನ್ನುವುದನ್ನು ಹೇಳುವುದಿಲ್ಲ. ಏಪ್ರಿಲ್ 17ರ ಬೆಳಗಿನ ಪ್ರಸಂಗದಲ್ಲಿ ಪೋಪ್ ಫ್ರಾನ್ಸಿಸ್, ಸಮುದಾಯವಿಲ್ಲದ, ಸಂಸ್ಕಾರವಿಲ್ಲದ ಆನ್‌ಲೈನ್ ಅನ್ಯೋನ್ಯತೆ ಅಪಾಯಕಾರಿ, ಇದು ಕಷ್ಟಕಾಲದ ವ್ಯವಸ್ಥೆಯೇ ಹೊರತು ಧರ್ಮಸಭೆಯಲ್ಲ ಎಂಬರ್ಥದ ಎಚ್ಚರಿಕೆ ಕೊಟ್ಟದ್ದು ಲಾಕ್‌ಡೌನ್ ಶುರುವಾಗಿ ಇನ್ನೂ ತಿಂಗಳಾಗುವ ಮೊದಲೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ವ್ಯಾಟಿಕನ್ನಿನ ಪತ್ರವೂ, ಯಾವ ಪ್ರಸಾರವೂ ಖುದ್ದು ಭಾಗವಹಿಸುವಿಕೆಗೆ ಸಮನಲ್ಲ ಎಂದು ಹೇಳಿ, ಪರಿಸ್ಥಿತಿ ಅನುವು ಮಾಡಿಕೊಟ್ಟ ಕೂಡಲೇ ಇಗರ್ಜಿಗೆ ಮರಳುವಂತೆ ಕರೆಕೊಟ್ಟಿತು.

ಹಾಗಾದರೆ ಆ ವಿಧವೆಯ ಸುದ್ದಿ ತಂದವರು ಯಾರು? ಮಂಗಳೂರು ಧರ್ಮಪ್ರಾಂತ ಮತ್ತು 2012ರಲ್ಲಿ ಅದರಿಂದ ಬೇರೆಯಾದ ಉಡುಪಿ ಧರ್ಮಪ್ರಾಂತದ ಧರ್ಮಕೇಂದ್ರಗಳು ವಾಳೆಗಳಾಗಿ, ಈಗಿನ ಮಾತಿನಲ್ಲಿ ವಾರ್ಡುಗಳಾಗಿ, ಹಂಚಿಕೊಂಡಿವೆ. ಪ್ರತಿ ವಾಳೆಗೆ ಒಬ್ಬ ಗುರಿಕಾರ. ಕೊಂಕಣಿ ಕಥೋಲಿಕರಲ್ಲಿ ಇದು ಬಹಳ ಹಳೆಯ ಹುದ್ದೆ. ಮದುವೆಯ ಪ್ರಕಟಣೆಯಿಂದ ಹಿಡಿದು ಮನೆ ಮನೆಯ ವಂತಿಗೆ, ಸಾವಿನ ಸುದ್ದಿ, ಅಣ್ಣತಮ್ಮಂದಿರ ಬೇಲಿಯ ಜಗಳದ ತನಕ ಎಲ್ಲದರಲ್ಲೂ ಗುರಿಕಾರರ ಪಾತ್ರವಿತ್ತು. ಕಳೆದ ಕೆಲವು ದಶಕಗಳಲ್ಲಿ ಈ ಹುದ್ದೆಯ ತೂಕ ಇಳಿದಿತ್ತು. ಯಾರೂ ಒಪ್ಪದಾಗ ನಿವೃತ್ತ ಶಿಕ್ಷಕರೊಬ್ಬರನ್ನು ಒತ್ತಾಯಿಸಿ ಕೂರಿಸುವ ಪರಿಪಾಠ ಬೆಳೆದಿತ್ತು. ಲಾಕ್‌ಡೌನ್ ಆ ಹುದ್ದೆಗೆ ಒಂದೇ ವಾರದಲ್ಲಿ ಜೀವ ಕೊಟ್ಟಿತು. ಏಕೆಂದರೆ ಯಾವ ಮನೆಯಲ್ಲಿ ಇಬ್ಬರು ಮುದುಕರು ಮಾತ್ರ ಇದ್ದಾರೆ, ಯಾರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು, ಯಾರ ಮಗ ಹಡಗಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಯಾರು ದಿನಗೂಲಿ ಇಲ್ಲದೆ ಅಕ್ಕಿ ಕೇಳಲು ನಾಚುತ್ತಿದ್ದಾರೆ, ಇದೆಲ್ಲ ಇದ್ದದ್ದು ಗುರಿಕಾರರ ತಲೆಯಲ್ಲಿ ಮತ್ತು ಅವರ ಮನೆಯ ಮೇಜಿನ ಡ್ರಾಯರಿನಲ್ಲಿದ್ದ ನೋಟ್‌ಬುಕ್ಕಿನಲ್ಲಿ.

ಆ ನೋಟ್‌ಬುಕ್ ಹೇಗಿರುತ್ತದೆಂದು ತಿಳಿಯದವರಿಗಾಗಿ ಹೇಳುವುದಾದರೆ, ಅದು ಗೆರೆ ಹೊಡೆದ ಸಾಮಾನ್ಯ ಪುಸ್ತಕ. ಮನೆಯ ಯಜಮಾನರ ಹೆಸರು, ಸದಸ್ಯರ ಸಂಖ್ಯೆ, ತಿಂಗಳ ವಂತಿಗೆಯ ಕಾಲಂ, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಫೋನ್ ನಂಬರು. ವಂತಿಗೆ ವಸೂಲಿಗೆಂದು ಇಟ್ಟ ಈ ಪುಸ್ತಕವೇ 2020ರ ಏಪ್ರಿಲ್‌ನಲ್ಲಿ ಔಷಧಿ ಪಟ್ಟಿಯಾಯಿತು, ಅಕ್ಕಿ ಬೇಳೆಯ ಕಿಟ್ ಹಂಚುವ ಪಟ್ಟಿಯಾಯಿತು. ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯ ಸದಸ್ಯರು ಗೇಟಿನ ಹೊರಗೆ ಕಿಟ್ ಇಟ್ಟು ಫೋನ್ ಮಾಡಿ ಹೋಗುವ ಕ್ರಮ ರೂಢಿಯಾಯಿತು. ಕೊಡುವವರು ಯಾರೆಂದು ನೆರೆಮನೆಗೆ ಗೊತ್ತಾಗದಿರಲೆಂದು ಕತ್ತಲಾದ ಮೇಲೆ ಇಡುವವರೂ ಇದ್ದರು. ಕಿಟ್ ಬೇಡ, ಮಾತಾಡಲು ಯಾರಾದರೂ ಬೇಕು ಎನ್ನುವ ಮನೆಗಳಿದ್ದವು. ಮಕ್ಕಳೆಲ್ಲ ಗಲ್ಫ್ ಸೇರಿದ ಮೇಲೆ ದೊಡ್ಡ ಹೆಂಚಿನ ಮನೆಯಲ್ಲಿ ಉಳಿದ ದಂಪತಿಗೆ ಸಿಸ್ಟರೊಬ್ಬರ ಸಂಜೆಯ ಫೋನ್ ಕರೆ ಯಾವ ನೇರ ಪ್ರಸಾರಕ್ಕಿಂತಲೂ ದೊಡ್ಡದಾಗಿತ್ತು.

ಪ್ರಾರ್ಥನೆಯ ಮಟ್ಟಿಗೆ ಕರಾವಳಿಯ ಮನೆಗಳು ಅನಾಥವಾಗಲಿಲ್ಲ, ಅದಕ್ಕೂ ಹಿಂದಿನ ರೂಢಿಯೇ ಕಾರಣ. ಸಂಜೆ ದೀಪ ಹಚ್ಚಿ ಮನೆಮಂದಿಯೆಲ್ಲ ಮೊಣಕಾಲೂರಿ ತೇರ್ಸ್ ಹೇಳುವ ಪದ್ಧತಿಗೆ ಧರ್ಮಗುರು ಬೇಕಿಲ್ಲ, ಇಗರ್ಜಿಯೂ ಬೇಕಿಲ್ಲ. ಟಿ.ವಿ. ಧಾರಾವಾಹಿಗಳ ಹೊತ್ತಿಗೆ ಸೋತು ಹಿಂದೆ ಸರಿದಿದ್ದ ಈ ಜಪಸರ ಆ ತಿಂಗಳುಗಳಲ್ಲಿ ಮರಳಿತು, ವಾಟ್ಸಾಪ್ ಕರೆಯಲ್ಲಿ ವಾರ್ಡಿನ ನಾಲ್ಕಾರು ಮನೆಗಳು ಸೇರಿ ಹೇಳುವ ಹೊಸ ರೂಪವೂ ಹುಟ್ಟಿತು. ಎಲ್ಲರೂ ಒಟ್ಟಿಗೆ ಉತ್ತರಿಸಿದರೆ ಧ್ವನಿಗಳು ಹಿಂದೆ ಮುಂದೆ ಬಿದ್ದು ಗೊಂದಲವಾಗುವುದರಿಂದ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮ್ಯೂಟ್ ಮಾಡಬೇಕಿತ್ತು. ತಮ್ಮ ಮನೆಯವರ ದನಿ ಮಾತ್ರ ಕೇಳುತ್ತಾ, ಉಳಿದ ಮನೆಗಳು ಅಲ್ಲಿವೆ ಎಂದು ನಂಬಿ ಹೇಳುವ ಪ್ರಾರ್ಥನೆ ಅದು. ವಿಚಿತ್ರವಾದರೂ ಜನ ಅದನ್ನು ಬಿಡಲಿಲ್ಲ.

2020ರ ಜೂನ್ 8ರಿಂದ ಪೂಜಾಸ್ಥಳಗಳನ್ನು ತೆರೆಯಲು ಅನುಮತಿ ಸಿಕ್ಕಿತು. ಜೂನ್ 4ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಎಲ್ಲ ಧರ್ಮಗಳಿಗೂ ಒಂದೇ. ಆರು ಅಡಿ ಅಂತರ, ಬಾಗಿಲಲ್ಲಿ ತಾಪಮಾನ ತಪಾಸಣೆ, ವಿಗ್ರಹ ಮತ್ತು ಪವಿತ್ರ ಗ್ರಂಥಗಳನ್ನು ಮುಟ್ಟುವಂತಿಲ್ಲ, ತೀರ್ಥ ಪ್ರೋಕ್ಷಣೆ ಇಲ್ಲ, ಗುಂಪಿನಲ್ಲಿ ಹಾಡುವಂತಿಲ್ಲ, ಬೇಕಿದ್ದರೆ ಧ್ವನಿಮುದ್ರಿತ ಭಕ್ತಿಗೀತೆ ಹಾಕಬಹುದು. 65 ದಾಟಿದವರು, 10ರೊಳಗಿನ ಮಕ್ಕಳು, ಗರ್ಭಿಣಿಯರು ಮನೆಯಲ್ಲೇ ಇರಬೇಕೆಂಬ ಸಲಹೆ. ಈ ಕೊನೆಯ ಸಾಲನ್ನು ಅಕ್ಷರಶಃ ಪಾಲಿಸಿದರೆ ವಾರದ ದಿನದ ಬೆಳಗಿನ ಪೂಜೆಗೆ ಬರುವವರು ಯಾರೂ ಉಳಿಯುವುದಿಲ್ಲ ಎನ್ನುವುದು ಇಗರ್ಜಿಗೆ ಹೋಗುವ ಎಲ್ಲರಿಗೂ ಗೊತ್ತು.

ಹಾಡಿನ ಮೇಲಿನ ನಿರ್ಬಂಧ ಅನೇಕರಿಗೆ ಅತಿಯೆನಿಸಿತು, ಆದರೆ ಅದಕ್ಕೆ ಗಟ್ಟಿಯಾದ ಕಾರಣವಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ವೆರ್ನನ್‌ನಲ್ಲಿ ಮಾರ್ಚ್ 10ರಂದು ಚರ್ಚೊಂದರ ಸಭಾಂಗಣದಲ್ಲಿ ನಡೆದ ಗಾಯನ ಅಭ್ಯಾಸಕ್ಕೆ 61 ಜನ ಬಂದಿದ್ದರು. ಅವರಲ್ಲಿ 53 ಮಂದಿಗೆ ಸೋಂಕು ತಗುಲಿತು ಅಥವಾ ತಗುಲಿರಬಹುದೆಂದು ಗುರುತಿಸಲಾಯಿತು, ಇಬ್ಬರು ತೀರಿಕೊಂಡರು. ಎದೆಯಾಳದಿಂದ ಬಿಡುವ ಉಸಿರಿನ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಎಷ್ಟು ದೂರ, ಎಷ್ಟು ಹೊತ್ತು ತೇಲಬಲ್ಲವೆಂಬುದಕ್ಕೆ ಅದು ಆರಂಭದ ಪುರಾವೆಗಳಲ್ಲಿ ಒಂದು. ಕೊಂಕಣಿ ಪೂಜೆಯೆಂದರೆ ಅರ್ಧಕ್ಕರ್ಧ ಹಾಡು. ಇಡೀ ಸಭೆ ಎರಡು ಮೂರು ಶ್ರುತಿಗಳಲ್ಲಿ ಹಾಡುವ ಇಗರ್ಜಿಯಲ್ಲಿ ಕೀಬೋರ್ಡ್ ಮತ್ತು ಒಂಟಿ ಗಾಯಕಿ ಮಾತ್ರ ಉಳಿದಾಗ ಪೂಜೆಯ ಅವಧಿಯೇ ಕುಗ್ಗಿತು. ಇದಕ್ಕೆ ಹೋಲಿಸಿದರೆ ಶಾಂತಿ ಕೋರುವ ವಿಧಿ ಸುಲಭವಾಗಿ ಹೊಂದಿಕೊಂಡಿತು. ಪಶ್ಚಿಮದವರು ಕೈಕುಲುಕುವುದನ್ನು ಬಿಡಲು ಕಷ್ಟಪಡುತ್ತಿದ್ದಾಗ, 1969ರಲ್ಲಿ ರೋಮ್ ಭಾರತಕ್ಕೆ ಒಪ್ಪಿಕೊಟ್ಟ ಹನ್ನೆರಡು ಅಂಶಗಳ ಬದಲಾವಣೆಯಿಂದಾಗಿ ನಮ್ಮಲ್ಲಿ ಕೈಮುಗಿದು ತಲೆಬಾಗುವ ಕ್ರಮ ಆಗಲೇ ಇತ್ತು.

ಒಳಗೆ ಕೂರುವವರ ಸಂಖ್ಯೆಗೆ ಮಿತಿ ಬಂದಾಗ ಮತ್ತೆ ವಾಳೆಯೇ ಕೆಲಸಕ್ಕೆ ಬಂತು. ಈ ಭಾನುವಾರ ಇಂತಿಂಥ ವಾಳೆಯವರು, ಮುಂದಿನ ವಾರ ಇವರು ಎಂದು ಸರದಿ ಹಾಕಿ, ಬೆಂಚುಗಳಿಗೆ ಗುರುತು ಅಂಟಿಸಿ, ಬಾಗಿಲಲ್ಲಿ ಹೆಸರು ಮತ್ತು ನಂಬರು ಬರೆದುಕೊಳ್ಳುವ ವ್ಯವಸ್ಥೆಯನ್ನು ಅನೇಕ ಕಡೆ ಮಾಡಿಕೊಂಡರು. ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್ ತೀರ್ಥದ ಬಟ್ಟಲಿನ ಪಕ್ಕದಲ್ಲೇ ಬಂದು ನಿಂತಿತು. ಬಟ್ಟಲು ಒಣಗಿತ್ತು, ರೂಢಿಬಲದಿಂದ ಅದರೊಳಗೆ ಬೆರಳಿಟ್ಟು ಹಣೆಗೆ ಮುಟ್ಟಿಸಿಕೊಂಡವರು ಆಮೇಲೆ ಪಕ್ಕದ ಸ್ಟ್ಯಾಂಡ್ ಒತ್ತುತ್ತಿದ್ದರು. ಪರಮ ಪ್ರಸಾದವನ್ನು ನಾಲಿಗೆಯ ಮೇಲೆ ಕೊಡುವುದನ್ನು ನಿಲ್ಲಿಸಿ ಅಂಗೈಗೆ ಕೊಡಲು ಶುರು ಮಾಡಿದ್ದು ಹಿರಿಯರಲ್ಲಿ ಕೆಲವರಿಗೆ ಕೊನೆಯವರೆಗೂ ಹಿಡಿಸಲಿಲ್ಲ.

ಎರಡನೆಯ ಅಲೆಯ ಹೊತ್ತಿನ ನಿಯಮವೊಂದು ಸರ್ಕಾರದ ಯೋಚನಾಕ್ರಮವನ್ನೂ ಬಯಲು ಮಾಡಿತು. 2021ರ ಏಪ್ರಿಲ್ 21ರಿಂದ ಕರ್ನಾಟಕದಲ್ಲಿ ಪೂಜಾಸ್ಥಳಗಳು ಸಾರ್ವಜನಿಕರಿಗೆ ಮತ್ತೆ ಮುಚ್ಚಿದವು. ಜುಲೈ 5ರಿಂದ ‘ದರ್ಶನಕ್ಕೆ ಮಾತ್ರ’ ಅವಕಾಶ ಸಿಕ್ಕಿತು. ದೇವಸ್ಥಾನಕ್ಕೆ ಇದು ಅರ್ಥಪೂರ್ಣ ನಿಯಮ: ಭಕ್ತರು ಸಾಲಿನಲ್ಲಿ ಬಂದು, ದೇವರನ್ನು ಕಂಡು, ಹೊರಡುತ್ತಾರೆ. ಇಗರ್ಜಿಯ ಆರಾಧನೆ ಹಾಗಿಲ್ಲ. ಅಲ್ಲಿ ಜನ ಒಂದೇ ಹೊತ್ತಿಗೆ ಸೇರುವುದೇ ಆರಾಧನೆಯ ಮೂಲ ಕ್ರಿಯೆ. ಮಸೀದಿಯ ಜಮಾತಿಗೂ ಇದೇ ಮಾತು. ದರ್ಶನವಿದೆ, ಸೇವೆಯಿಲ್ಲ ಎಂಬ ಆದೇಶ ಇಗರ್ಜಿಯ ಮಟ್ಟಿಗೆ, ಬಾಗಿಲು ತೆರೆಯಿರಿ ಆದರೆ ಪೂಜೆ ಮಾಡಬೇಡಿ ಎಂದಂತಾಯಿತು. ಜುಲೈ ಕೊನೆಯ ವಾರದಲ್ಲಿ ಪೂಜಾವಿಧಿಗಳಿಗೂ ಅನುಮತಿ ಬಂದು ಈ ಅಸಂಗತ ಸ್ಥಿತಿ ಕೊನೆಗೊಂಡಿತು. ಇದರಲ್ಲಿ ದ್ವೇಷವನ್ನು ಹುಡುಕಬೇಕಾಗಿಲ್ಲ. ಆದೇಶ ಬರೆಯುವವರ ಕಣ್ಣಮುಂದೆ ಇದ್ದ ಪೂಜಾಸ್ಥಳದ ಮಾದರಿ ಒಂದೇ ಆಗಿತ್ತು, ಅಷ್ಟೇ.

ಇಷ್ಟೆಲ್ಲ ಹೊಂದಾಣಿಕೆಗಳನ್ನು ಜನ ಗೊಣಗುತ್ತಲೇ ಒಪ್ಪಿಕೊಂಡರು. ಒಪ್ಪಿಕೊಳ್ಳಲು ಆಗದಿದ್ದದ್ದು ಸಾವಿನ ವಿಷಯ. ಕರಾವಳಿಯ ಕ್ರೈಸ್ತರಲ್ಲಿ ಮರಣ ಇಡೀ ಧರ್ಮಕೇಂದ್ರದ ಕೆಲಸ. ಇಗರ್ಜಿಯ ಗಂಟೆ ಸಾವಿನ ಲಯದಲ್ಲಿ ಬಾರಿಸಿದಾಗ ಗದ್ದೆಯಲ್ಲಿದ್ದವರು ನಿಂತು ಯಾರೆಂದು ವಿಚಾರಿಸುತ್ತಾರೆ; ವಾಳೆಯವರು ಬಂದು ಅಡುಗೆಯಿಂದ ಹಿಡಿದು ಗುಂಡಿಯವರೆಗಿನ ಹೊಣೆ ಹೊರುತ್ತಾರೆ; ಮನೆಯಿಂದ ಇಗರ್ಜಿಗೆ ಮೆರವಣಿಗೆ, ಪೂಜೆ, ಕೊನೆಗೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು. 2020ರಲ್ಲಿ ಅಂತ್ಯಕ್ರಿಯೆಗೆ 20 ಜನರ ಮಿತಿ ಬಂತು. ಯಾವ 20 ಜನ ಎಂದು ತೀರ್ಮಾನಿಸುವ ಸಂಕಟ ಸತ್ತವರ ಮನೆಯವರದ್ದು. ವಿದೇಶದಲ್ಲಿ ಸಿಲುಕಿದವರನ್ನು ಕರೆತರುವ ಮೊದಲ ವಂದೇ ಭಾರತ್ ವಿಮಾನ ಗಲ್ಫಿನಿಂದ ಮಂಗಳೂರಿಗೆ ಬಂದದ್ದೇ ಮೇ 12ರಂದು. ಅಲ್ಲಿಯವರೆಗೆ ತೀರಿಕೊಂಡ ತಂದೆ ತಾಯಿಯರ ದಫನವನ್ನು ಮಕ್ಕಳು ಫೋನಿನಲ್ಲಿ ನೋಡಿದರು. ಪೂಜೆಯ ನೇರ ಪ್ರಸಾರದ ಬಗ್ಗೆ ನನಗಿರುವ ಅನುಮಾನಗಳು ಏನೇ ಇರಲಿ, ಈ ಒಂದು ಬಳಕೆಯ ಮುಂದೆ ಅವು ನಿಲ್ಲುವುದಿಲ್ಲ.

ಕೋವಿಡ್‌ನಿಂದಲೇ ಸತ್ತವರ ಗತಿ ಇನ್ನೂ ಕಠಿಣ. 2020ರ ಏಪ್ರಿಲ್‌ನಲ್ಲಿ ಚೆನ್ನೈನ ನರಶಸ್ತ್ರಚಿಕಿತ್ಸಕ ಡಾ. ಸೈಮನ್ ಹರ್ಕ್ಯುಲಿಸ್ ಅವರ ಶವ ಹೊತ್ತ ಆಂಬುಲೆನ್ಸ್ ಮೇಲೆ ಗುಂಪೊಂದು ಕಲ್ಲು ತೂರಿತು, ಸಹೋದ್ಯೋಗಿ ವೈದ್ಯರು ರಾತ್ರಿಯಲ್ಲಿ ಕೈಯಾರೆ ಮಣ್ಣು ಮುಚ್ಚಬೇಕಾಯಿತು. ಅದೇ ವಾರ ಮಂಗಳೂರಿನಲ್ಲಿ ಬಂಟ್ವಾಳ ಕಡೆಯ ಮಹಿಳೆಯೊಬ್ಬರ ಶವಸಂಸ್ಕಾರಕ್ಕೆ ನಗರದ ಜನ ಅಡ್ಡಿಪಡಿಸಿದ್ದರಿಂದ ಅದನ್ನು ಬಂಟ್ವಾಳಕ್ಕೆ ಒಯ್ದು ಮುಗಿಸಲಾಯಿತು. ಹೆದರಿಕೆಗೆ ಜಾತಿ ಧರ್ಮಗಳಿರಲಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಚ್ 15ರಂದೇ ಪ್ರಕಟಿಸಿದ್ದ ಶವ ನಿರ್ವಹಣೆಯ ಮಾರ್ಗಸೂಚಿ, ಶವವನ್ನು ಮುಟ್ಟದೆ ಧರ್ಮಗ್ರಂಥ ಓದುವುದಕ್ಕೂ ತೀರ್ಥ ಚಿಮುಕಿಸುವುದಕ್ಕೂ ಅವಕಾಶ ಕೊಟ್ಟಿತ್ತು. ಅಂದರೆ ಜೀವಂತ ಸಭೆಗೆ ಇಲ್ಲದ ತೀರ್ಥ ಪ್ರೋಕ್ಷಣೆ ಗೋರಿಯ ಅಂಚಿನಲ್ಲಿ ಸಿಂಧುವಾಗಿತ್ತು. ಆ ಸಣ್ಣ ಅವಕಾಶವನ್ನು ಬಳಸಿಕೊಂಡು ಕ್ರಮಬದ್ಧವಾಗಿ ಅಂತ್ಯಸಂಸ್ಕಾರ ಮಾಡಲು ಜನ ಬೇಕಿತ್ತು. ಬೆಂಗಳೂರಿನಲ್ಲಿ ‘ಹಿಯರ್ ಐ ಆಮ್’ ಎಂಬ ಕಥೋಲಿಕ ಯುವಕ ಯುವತಿಯರ ತಂಡ ಪಿಪಿಇ ತೊಟ್ಟು ಈ ಕೆಲಸಕ್ಕಿಳಿಯಿತು, ಬೇರೆ ಧರ್ಮದವರ ಶವಗಳಿಗೂ ಹೆಗಲು ಕೊಟ್ಟಿತು. ಕರಾವಳಿಯಲ್ಲಿಯೂ ಧರ್ಮಗುರುಗಳು ಮತ್ತು ಯುವಜನರು ಇಂಥ ತಂಡಗಳನ್ನು ಕಟ್ಟಿಕೊಂಡರು.

ನಿಯಮವನ್ನು ಮುರಿಯದೆ ಬಾಗಿಸುವುದು ಹೇಗೆಂಬುದಕ್ಕೆ ಕೇರಳದ ಆಲಪ್ಪುಳದ ಉದಾಹರಣೆ ಗಮನಾರ್ಹ. ಕೋವಿಡ್ ಶವಗಳನ್ನು 12 ಅಡಿ ಆಳದಲ್ಲಿ ಹೂಳಬೇಕಿತ್ತು. ಆ ಕಡಲತೀರದಲ್ಲಿ ನಾಲ್ಕೈದು ಅಡಿ ಅಗೆದರೆ ನೀರು. ಆಗ ಅಲ್ಲಿನ ಲ್ಯಾಟಿನ್ ಧರ್ಮಪ್ರಾಂತ, ಇಗರ್ಜಿಯ ಆವರಣದಲ್ಲೇ ಶವವನ್ನು ದಹಿಸಿ ಬೂದಿಯನ್ನು ಗೋರಿಯಲ್ಲಿ ಹೂಳಲು ಅನುಮತಿ ನೀಡಿತು. 2020ರ ಜುಲೈ 28ರಂದು ಮಾರಾರಿಕ್ಕುಳದಲ್ಲಿ ಅಂಥ ಮೊದಲ ಸಂಸ್ಕಾರ ನಡೆಯಿತು. ದಹನಕ್ಕೆ ರೋಮ್ 1963ರಲ್ಲೇ ಒಪ್ಪಿದೆ, ಬೂದಿಯನ್ನು ಪವಿತ್ರ ಸ್ಥಳದಲ್ಲೇ ಇಡಬೇಕೆಂದು 2016ರಲ್ಲಿ ಸ್ಪಷ್ಟಪಡಿಸಿದೆ. ಕಾಗದದ ಮೇಲೆ ಅರ್ಧ ಶತಮಾನದಿಂದ ಇದ್ದ ಅನುಮತಿ ಜನರ ಮನಸ್ಸಿಗೆ ತಲುಪಲು ಒಂದು ಮಹಾಮಾರಿ ಬೇಕಾಯಿತು. ಸಾಯುವವರ ವಿಷಯದಲ್ಲೂ ರೋಮ್ ಹೀಗೆಯೇ ಬಾಗಿತು: ಮಾರ್ಚ್ 20ರ ಸೂಚನೆಯ ಪ್ರಕಾರ, ಹತ್ತಿರ ಹೋಗಲು ಸಾಧ್ಯವಿಲ್ಲದ ಕಡೆ ಧರ್ಮಗುರು ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲೇ ನಿಂತು, ಧ್ವನಿವರ್ಧಕ ಬಳಸಿಯಾದರೂ, ಒಳಗಿರುವ ಎಲ್ಲರಿಗೂ ಸಾಮೂಹಿಕ ಪಾಪಕ್ಷಮೆ ನೀಡಬಹುದಿತ್ತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1902ರಲ್ಲಿ ಪ್ಲೇಗ್ ರೋಗಿಗಳಿಗೆಂದೇ ಆಸ್ಪತ್ರೆ ತೆರೆದಿದ್ದರು. ಅವರ ಹೆಸರಿನ ಸಂಸ್ಥೆಯ ವಾರ್ಡುಗಳಲ್ಲಿ ಈ ಬಾರಿ ಕೋವಿಡ್ ರೋಗಿಗಳಿದ್ದರು.

ಹಬ್ಬಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮರಿಯಮ್ಮನ ಜನ್ಮದಿನದ ಹಬ್ಬವಾದ 2020ರ ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾದ ಎದುರು ಎಂದಿನ ಜನಸಾಗರವಿರಲಿಲ್ಲ. ಕರಾವಳಿಯಲ್ಲಿ ಅದೇ ದಿನದ ಮೊಂತಿ ಹಬ್ಬವೂ ಸರಳವಾಯಿತು. ಮಕ್ಕಳು ಒಂಬತ್ತು ದಿನ ಹೂ ತಂದು ಮರಿಯಮ್ಮನ ಮೂರ್ತಿಗೆ ಎರಚುವುದು, ಕಬ್ಬು ಕಡಿದು ತಿನ್ನುವುದು ಇಲ್ಲವಾದರೂ ಆಶೀರ್ವದಿಸಿದ ಹೊಸ ತೆನೆ ಮನೆ ಮನೆಗೆ ತಲುಪಿತು. ಕೊಂಡೊಯ್ದವರು ಯಾರೆಂದು ಊಹಿಸಬಹುದು. ಹೊಸ ಅಕ್ಕಿಯ ಕಾಳುಗಳನ್ನು ಹಾಲಿಗೆ ಬೆರೆಸಿ ಕುಡಿದು ಸಸ್ಯಾಹಾರದ ಹಬ್ಬದೂಟ ಮಾಡುವುದಕ್ಕೆ ಅಡ್ಡಿಯೇನೂ ಇರಲಿಲ್ಲ, ಏಕೆಂದರೆ ಅದು ಮೊದಲಿಂದಲೂ ಮನೆಯ ಹಬ್ಬವೇ.

ಹಣದ ಮಾತನ್ನು ಇಗರ್ಜಿಗಳು ಬಹಿರಂಗವಾಗಿ ಆಡುವುದು ಕಡಿಮೆ, ಆದರೆ ಅದೂ ಇಲ್ಲಿ ಸೇರಬೇಕು. ಭಾನುವಾರದ ಕಾಣಿಕೆ ಡಬ್ಬಿ, ಮದುವೆ ಮತ್ತು ವಾರ್ಷಿಕ ಹಬ್ಬದ ಆದಾಯ, ಸಭಾಭವನದ ಬಾಡಿಗೆ ಇವೆಲ್ಲ ಒಮ್ಮೆಗೇ ನಿಂತವು. ಅಡುಗೆಯವರ, ಗಂಟೆ ಬಾರಿಸುವವರ, ಕಚೇರಿಯವರ ಸಂಬಳ ನಿಲ್ಲಿಸುವಂತಿರಲಿಲ್ಲ. ಕ್ಯೂಆರ್ ಕೋಡ್ ಅಂಟಿಸಿದ ಕಡೆ ಸ್ವಲ್ಪ ಹಣ ಬಂತು. ದೊಡ್ಡ ಇಗರ್ಜಿಗಳು ಹೇಗೋ ತೂಗಿಸಿದವು, ಘಟ್ಟದ ಬದಿಯ ಸಣ್ಣ ಕೇಂದ್ರಗಳು ಧರ್ಮಪ್ರಾಂತದ ನೆರವಿಗೆ ಕೈಚಾಚಿದವು.

ಇಲ್ಲಿಯವರೆಗೆ ಗುರಿಕಾರರ ಪಟ್ಟಿಯನ್ನು ಹೊಗಳಿದ್ದಾಯಿತು. ಅದರ ದೋಷವನ್ನೂ ಹೇಳದಿದ್ದರೆ ವಿಶ್ಲೇಷಣೆ ಅರೆಯಾಗುತ್ತದೆ. ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ಪಟ್ಟಿ ನೆರವಾಯಿತು. ಮಂಗಳೂರಿನ ಹಾಸ್ಟೆಲುಗಳಲ್ಲಿದ್ದ ನರ್ಸಿಂಗ್ ವಿದ್ಯಾರ್ಥಿನಿಯರು, ಕಟ್ಟಡದ ಕೆಲಸಕ್ಕೂ ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ಬಂದ ಜಾರ್ಖಂಡ್ ಮತ್ತು ಅಸ್ಸಾಂ ಕಡೆಯ ಆದಿವಾಸಿ ಕ್ರೈಸ್ತರು, ಬಾಡಿಗೆ ಕೋಣೆಗಳ ಒಂಟಿ ದುಡಿಮೆಗಾರರು ಭಾನುವಾರ ಇಗರ್ಜಿಯ ಹಿಂಬದಿಯಲ್ಲಿ ನಿಲ್ಲುತ್ತಿದ್ದರೇ ಹೊರತು ಯಾವ ವಾಳೆಗೂ ಸೇರಿದವರಲ್ಲ, ಯಾವ ನೋಟ್‌ಬುಕ್ಕಿನಲ್ಲೂ ಅವರ ನಂಬರಿರಲಿಲ್ಲ. ವಂತಿಗೆಗೆಂದು ಹುಟ್ಟಿದ ಪಟ್ಟಿ ವಂತಿಗೆ ಕೊಡುವ ಮನೆಗಳನ್ನಷ್ಟೇ ಬಲ್ಲದು. ಬೆಂಗಳೂರಿನಲ್ಲಿ ಈ ಸಮಸ್ಯೆ ಇನ್ನೂ ದೊಡ್ಡದು. ಅಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳ, ಇಂಗ್ಲಿಷ್ ಪೂಜೆಗಳಿಗೆ ಬರುವವರು ಒಂದೇ ಕಟ್ಟಡದ ಬೇರೆ ಬೇರೆ ಹೊತ್ತಿನ ಜನ, ಬಾಡಿಗೆ ಮನೆ ಬದಲಾದಾಗಲೆಲ್ಲ ಅವರ ಧರ್ಮಕೇಂದ್ರವೂ ಬದಲಾಗುತ್ತದೆ. ಇಂಥವರಲ್ಲಿ ಬಹುಪಾಲಿಗೆ ಆ ತಿಂಗಳುಗಳಲ್ಲಿ ಇಗರ್ಜಿಯೆಂದರೆ ಮೊಬೈಲಿನ ಪರದೆ ಮಾತ್ರ ಆಗಿತ್ತು, ಮತ್ತು ಲಾಕ್‌ಡೌನ್ ಮುಗಿದ ಮೇಲೆ ಇವರಲ್ಲಿ ಎಷ್ಟು ಮಂದಿ ಮರಳಲಿಲ್ಲ ಎಂದು ಕೇಳಿದರೆ ಉತ್ತರಿಸಬಲ್ಲ ಗುರಿಕಾರರಿಲ್ಲ.

ಆದ್ದರಿಂದ ಕ್ಯಾಮೆರಾ ಇರಲಿ ಬಿಡಲಿ ಎಂಬ ಚರ್ಚೆಗೆ ಪಾಲನಾ ಮಂಡಳಿಗಳು ಎರಡು ಸಭೆಗಳ ಹೊತ್ತನ್ನು ಕೊಡುವುದು ದಂಡ. ರೋಗಿಗಳಿಗೂ ಪರದೇಶದಲ್ಲಿರುವವರಿಗೂ ಬೇಕೆಂದರೆ ಇರಲಿ. ಹಾಸಿಗೆ ಹಿಡಿದವರ ಮನೆಗೆ ವಾರಕ್ಕೊಮ್ಮೆ ಪರಮ ಪ್ರಸಾದ ಒಯ್ಯುವ ಕ್ರಮ ಅದರ ಜೊತೆಗೇ ನಡೆಯಲಿ. ಅದಕ್ಕಿಂತ ಮೊದಲು ಎತ್ತಿಕೊಳ್ಳಬೇಕಾದ ಕೆಲಸ, ವಾಳೆಯ ನೋಟ್‌ಬುಕ್ಕಿಗೆ ವಂತಿಗೆಯ ಕಾಲಂ ಇಲ್ಲದ ಒಂದು ಹೊಸ ಪುಟ ಸೇರಿಸುವುದು: ಬಾಡಿಗೆಯವರು, ಹಾಸ್ಟೆಲಿನವರು, ತೋಟದ ಲೈನ್ ಮನೆಗಳವರು, ಅವರ ಭಾಷೆ, ಅವರ ಊರಿನಲ್ಲಿ ಸುದ್ದಿ ಮುಟ್ಟಿಸಬೇಕಾದವರ ನಂಬರು. ಒಂದು ವಾಳೆಗೆ ಇಬ್ಬರು ಎರಡು ಭಾನುವಾರ ಓಡಾಡಿದರೆ ಮುಗಿಯುವ ಕೆಲಸ ಅದು, ವರ್ಷಕ್ಕೊಮ್ಮೆ ತಿದ್ದಿಕೊಳ್ಳಬೇಕು.